ಹಗುರವಾದ ಹೆಗಲು

"ಗುರುಗಳೇ, ನನ್ನ ಮೈಯಲ್ಲಿ ಈಗ ಯಾವ ರೋಗವೂ ಇಲ್ಲ. ಆದರೆ ಬೆಳಿಗ್ಗೆ ಕಣ್ಣು ತೆರೆದಾಗ ಏತಕ್ಕಾಗಿ ಏಳಬೇಕೆಂಬುದೇ ತಿಳಿಯುವುದಿಲ್ಲ. ಈ ಶರೀರವನ್ನು ಇಷ್ಟು ಕಾಪಾಡಿಕೊಂಡದ್ದು ಯಾವ ಉದ್ದೇಶಕ್ಕೆ?"

ಹೀಗೆ ಕೇಳಿದವನು ಕೇತಯ್ಯನೆಂಬ ಶಿಷ್ಯನು. ಮಠಕ್ಕೆ ಬಂದ ಹೊಸದರಲ್ಲಿ ಅವನು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದನು. ಆಮೇಲೆ ಮಿತಾಹಾರವನ್ನೂ ಆಸನಗಳನ್ನೂ ಪ್ರಾಣಾಯಾಮವನ್ನೂ ಹಟದಿಂದ ಹಿಡಿದು ಸಾಧಿಸಿದನು. ಅವನ ಪಾಲಿಗೆ ಬಂದಿದ್ದ ಬಾವಿಯ ನೀರು ಸೇದುವ ಕೆಲಸವನ್ನು ಆಗಿನಿಂದ ಇನ್ನೊಬ್ಬ ಶಿಷ್ಯನು ಮಾಡುತ್ತಿದ್ದನು. ಈಗ ಅವನ ದೇಹ ಬೆತ್ತದಂತೆ ಬಳುಕುತ್ತಿತ್ತು, ನಡಿಗೆ ಹಗುರವಾಗಿತ್ತು. ಮುಖದಲ್ಲಿ ಮಾತ್ರ ಗೆಲವಿರಲಿಲ್ಲ. ಮಠವನ್ನು ಬಿಟ್ಟು ಹೋಗುವ ಮಾತನ್ನು ಅವನು ಒಬ್ಬಿಬ್ಬರ ಮುಂದೆ ಆಡಿದ್ದನು. ಅದು ಗುರುಗಳ ಕಿವಿಗೂ ಬಿದ್ದಿತ್ತು.

ಗುರುಗಳು "ಕುಳಿತುಕೋ" ಎಂದರು. ಅವನು ಕುಳಿತ ಮೇಲೆ ಈ ಕತೆಯನ್ನು ಹೇಳಿದರು.

ಬೆಟ್ಟದ ತಪ್ಪಲಿನ ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದನು. ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಯಾರಿಗೆ ಕಾಯಿಲೆಯಾದರೂ ಅವನಿಗೇ ಕರೆ ಬರುತ್ತಿತ್ತು. ಆ ಹಳ್ಳಿಗಳಿಗೆ ಗಾಡಿಯ ದಾರಿ ಇರಲಿಲ್ಲ, ವೈದ್ಯನಾದರೋ ಸ್ಥೂಲಕಾಯನು. ಆದ್ದರಿಂದ ನಾಲ್ವರು ಬೋಯಿಗಳು ಅವನನ್ನು ಮೇನೆಯಲ್ಲಿ ಕುಳ್ಳಿರಿಸಿ ಹೊತ್ತುಕೊಂಡು ಹೋಗುತ್ತಿದ್ದರು. ಮೇನೆಯೆಂದರೆ ಉದ್ದನೆಯ ಒಂದೇ ದಂಡಿಗೆಯ ನಡುವೆ ತೂಗುಬಿಟ್ಟ ಸಣ್ಣ ಪಲ್ಲಕ್ಕಿ. ದಂಡಿಗೆಯ ಮುಂದಿನ ತುದಿಗೆ ಇಬ್ಬರು, ಒಬ್ಬನ ಹಿಂದೆ ಒಬ್ಬನು ನಿಂತು ಹೆಗಲು ಕೊಡಬೇಕು. ಹಿಂದಿನ ತುದಿಗೂ ಹಾಗೆಯೇ ಇಬ್ಬರು.

ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವನ ಹೆಸರು ಕೆಂಚ. ಅವನ ಬೆನ್ನ ಹಿಂದೆ ಹೆಗಲು ಕೊಡುತ್ತಿದ್ದವನು ಅವನ ಅಕ್ಕನ ಗಂಡ. ಈ ಜೋಡಿಯನ್ನು ಕೂಡಿಸಿದವನು ಕೆಂಚನ ತಂದೆ. ಅವನೂ ಬೋಯಿಯೇ. ಮಗಳಿಗೆ ಗಂಡು ಹುಡುಕುವಾಗ ಅವನು ಜಾತಕವನ್ನು ಕೇಳಲಿಲ್ಲ. ಬಂದ ಗಂಡನ್ನು ತನ್ನ ಮಗನ ಪಕ್ಕದಲ್ಲಿ ನಿಲ್ಲಿಸಿ, ಇಬ್ಬರ ಹೆಗಲ ಮೇಲೂ ಒಂದು ಹಲಗೆಯನ್ನು ಅಡ್ಡಲಾಗಿಟ್ಟು, ಹಲಗೆಯ ನಡುವೆ ಒಂದು ನಿಂಬೆಯ ಹಣ್ಣನ್ನು ಇರಿಸಿದನು. ಹಣ್ಣು ಯಾವ ಕಡೆಗೂ ಉರುಳದೆ ನಿಂತಿತು. "ಇವನೇ ನನ್ನ ಅಳಿಯ" ಎಂದುಬಿಟ್ಟನು. ಹೊರಗಿನವರಿಗೆ ಇದು ನಗೆಯ ಮಾತು, ಬೋಯಿಗಳಿಗೆ ಅಲ್ಲ. ಒಂದೇ ದಂಡಿಗೆಯ ತುದಿಗೆ ನಿಂತ ಇಬ್ಬರ ಹೆಗಲು ಬೆರಳಿನಷ್ಟು ಏರುಪೇರಾದರೂ ಭಾರವೆಲ್ಲ ಎತ್ತರದವನ ಮೇಲೆ ಹೋಗಿ ಕೂರುತ್ತದೆ.

ಕೆಂಚನಿಗೆ ತನ್ನ ಕೆಲಸದ ಬಗೆಗೆ ಮೊದಮೊದಲು ಅಂಥ ಅಭಿಮಾನವೇನೂ ಇರಲಿಲ್ಲ. ಅಪ್ಪ ಹೊರುತ್ತಿದ್ದನು, ತಾನೂ ಹೊತ್ತನು. ಒಮ್ಮೆ ಮೇಲಿನ ಹಳ್ಳಿಯೊಂದರಲ್ಲಿ ಒಬ್ಬ ಬಾಣಂತಿ ಸನ್ನಿ ಹಿಡಿದು ಸಾಯುವ ಸ್ಥಿತಿಯಲ್ಲಿದ್ದಳು. ಬೋಯಿಗಳು ಎಲ್ಲಿಯೂ ಹೆಗಲು ಬದಲಿಸದೆ, ದಾರಿಯಲ್ಲಿ ಗುಟುಕು ನೀರನ್ನೂ ಕುಡಿಯದೆ ಬೆಟ್ಟ ಹತ್ತಿದರು. ವೈದ್ಯನು ಹೊತ್ತಿಗೆ ಸರಿಯಾಗಿ ಮುಟ್ಟಿದನು, ಹೆಂಗಸು ಉಳಿದಳು. ಮನೆಯವರೆಲ್ಲ ವೈದ್ಯನ ಕಾಲಿಗೆ ಬಿದ್ದರು. ಅವಳ ಅತ್ತೆ ಮಾತ್ರ ಹೊರಗೆ ಬಂದು, ಬೋಯಿಗಳು ಕುಳಿತಿದ್ದ ಮರದ ಬುಡಕ್ಕೆ ಮಜ್ಜಿಗೆಯ ಗಡಿಗೆಯನ್ನು ತಂದಿಟ್ಟು, "ಕೈಗುಣ ಅವರದು, ಕಾಲ್ಗುಣ ನಿಮ್ಮದು ಮಕ್ಕಳೇ. ಕುಡಿಯಿರಿ" ಎಂದಳು.

ಆ ಮಾತು ಕೆಂಚನ ಮನಸ್ಸಿನಲ್ಲಿ ನಿಂತಿತು. ತಾನು ಹುಟ್ಟಿದ್ದು ಏಕೆಂಬುದು ಆ ದಿನ ಅವನಿಗೆ ತಿಳಿದಂತಾಯಿತು. ಅಂದಿನಿಂದ ಮೇನೆಯನ್ನು ಇಳಿಸಿದ ಮೇಲೂ ಅವನು ರೋಗಿಯ ಮನೆಯ ಬಾಗಿಲಿನ ಬಳಿಯೇ ನಿಲ್ಲುತ್ತಿದ್ದನು. ಒಳಗಿನ ಜೀವ ಉಳಿಯಿತೋ ಹೋಯಿತೋ ಎಂಬುದನ್ನು ಕೇಳಿ ತಿಳಿಯುವ ತನಕ ಊಟಕ್ಕೆ ಕೈ ಹಾಕುತ್ತಿರಲಿಲ್ಲ.

ಮರುವರ್ಷ ಅವನ ತಂದೆ ತೀರಿಕೊಂಡನು. ದಂಡಿಗೆಯ ಕೆಳಗೆ ಸವೆದ ಬೆನ್ನು ಕೊನೆಗೆ ಕುಡುಗೋಲಿನಂತೆ ಬಾಗಿಹೋಗಿತ್ತು. ಹೆಣವನ್ನು ಚಟ್ಟದ ಮೇಲೆ ನೇರವಾಗಿ ಮಲಗಿಸಲು ಬರಲಿಲ್ಲ. ಪಕ್ಕಕ್ಕೆ ಮಲಗಿಸಿ ಹಗ್ಗ ಬಿಗಿದರು. ಬಿಗಿದವನು ಕೆಂಚನೇ. ಬಿಗಿಯುತ್ತಿದ್ದಾಗಲೇ ತನ್ನ ಸೊಂಟದಲ್ಲಿಯೂ ಅದೇ ನೋವು ಚಿಗುರುತ್ತಿರುವುದು ಅವನ ಅರಿವಿಗೆ ಬಂದಿತು. ಅವನು ಹೆದರಿದನು.

ಮುಂದಿನ ಸಲ ದಾರಿಯಲ್ಲಿ ಮೇನೆಯನ್ನು ಇಳಿಸಿದಾಗ ಅವನು ವೈದ್ಯನೆದುರು ಕೈ ಕಟ್ಟಿ ನಿಂತನು.

"ಬುದ್ಧೀ, ಬೆನ್ನು ಹಿಡಿಯುತ್ತದೆ. ನಾನೂ ನಮ್ಮಪ್ಪನ ಹಾಗೆ ಆಗಿಬಿಟ್ಟರೆ ಈ ಬೆಟ್ಟದವರ ಹತ್ತಿರಕ್ಕೆ ನಿಮ್ಮನ್ನು ಮುಟ್ಟಿಸುವವರು ಯಾರು?"

ವೈದ್ಯನು ಅವನನ್ನು ಆಚೆಗೂ ಈಚೆಗೂ ನಡೆಸಿ ನೋಡಿದನು. "ಮೊಣಕಾಲನ್ನು ಕಂಬದಂತೆ ಬಿಗಿಯುತ್ತೀಯೆ. ನೆಲದ ಪೆಟ್ಟೆಲ್ಲ ಬೆನ್ನಿಗೆ ಏರುತ್ತದೆ. ತುಸು ಬಾಗಿಸಿ, ಮೆತ್ತಗೆ ನಡೆ. ಉಸಿರನ್ನು ಹೊಟ್ಟೆಯ ತನಕ ಎಳೆದುಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಎಣ್ಣೆ ತಿಕ್ಕಿಕೊಂಡು ಹೊಳೆಯ ಮರಳಿನಲ್ಲಿ ಸಾಮು ಮಾಡು. ನಿನ್ನ ಬೆನ್ನಿಗೆ ಏನೂ ಆಗುವುದಿಲ್ಲ" ಎಂದನು.

ವೈದ್ಯನು ಹೇಳಿದ್ದು ತಪ್ಪಲ್ಲ. ಒಬ್ಬನೇ ನಡೆಯುವವನಿಗೆ ಅದಕ್ಕಿಂತ ಒಳ್ಳೆಯ ಮಾತಿಲ್ಲ. ಆದರೆ ಅವನು ಮೇನೆಯನ್ನು ಒಳಗಿನಿಂದ ಕಂಡವನೇ ಹೊರತು ಕೆಳಗಿನಿಂದ ಕಂಡವನಲ್ಲ.

ಕೆಂಚನು ಆ ಮಾತನ್ನು ಮಂತ್ರದಂತೆ ಹಿಡಿದನು. ಮೊಣಕಾಲನ್ನು ತುಸುವೇ ಬಾಗಿಸಿ ನಡೆಯುವುದನ್ನು ಕಲಿತನು. ಮುಂಜಾನೆ ಎದ್ದು ಹೊಳೆಯ ಮರಳಿನಲ್ಲಿ ಸಾಮು ಮಾಡಿದನು. ಊಟವನ್ನು ಅಳೆದು ಉಂಡನು. ಕೆಲವು ತಿಂಗಳಲ್ಲಿ ಬೆನ್ನಿನ ನೋವು ಹೇಳಹೆಸರಿಲ್ಲದೆ ಹೋಯಿತು. ಹೆಗಲಿನ ಮೇಲೆ ದಂಡಿಗೆ ಇದೆಯೆಂಬುದೇ ಒಮ್ಮೊಮ್ಮೆ ಮರೆತುಹೋಗುತ್ತಿತ್ತು. ಏರು ಹತ್ತಿದರೂ ಉಸಿರು ಹೆಚ್ಚುತ್ತಿರಲಿಲ್ಲ. ಇದೆಲ್ಲ ತನ್ನ ಸಾಧನೆಯ ಫಲವೆಂದು ಅವನು ತಿಳಿದನು. ಹಾಗೆ ತಿಳಿಯದಿರಲು ಅವನಿಗೆ ಯಾವ ಕಾರಣವೂ ಕಾಣಲಿಲ್ಲ.

ಫಲ ಕಂಡವನಿಗೆ ಸಾಧನೆಯ ಮೇಲೆ ಮೋಹ ಹುಟ್ಟುವುದು ಸಹಜ. ಮನೆಯಲ್ಲಿ ನೀರಿನ ಕೊಡವನ್ನು ಎತ್ತುವುದನ್ನು ಕೆಂಚನು ಬಿಟ್ಟನು. ಒಂದೇ ಪಕ್ಕಕ್ಕೆ ಭಾರ ಬಿದ್ದರೆ ಸೊಂಟ ಕೆಡುತ್ತದೆಂದನು. ಮಗಳು ಹೆಗಲೇರಲು ಬಂದರೆ ಇಳಿಸಿಬಿಡುತ್ತಿದ್ದನು. ಮೇಲಿನ ಹಳ್ಳಿಗೆ ಮುಟ್ಟಿದೊಡನೆ ಮೇನೆಯನ್ನು ಇಳಿಸಿ, ನೆರಳಿರುವ ಕಡೆಗೆ ಹೋಗಿ, ಕೈಕಾಲು ಚಾಚಿ ಉಸಿರಿನ ಅಭ್ಯಾಸಕ್ಕೆ ಕೂರುತ್ತಿದ್ದನು. ಒಳಗೆ ಯಾರು ಮಲಗಿದ್ದಾರೆ, ಉಳಿದರೋ ಇಲ್ಲವೋ ಎಂದು ಬಾಗಿಲಿನ ಬಳಿ ನಿಂತು ಕೇಳುವುದು ನಿಂತುಹೋಯಿತು. ಹೊರುವುದಕ್ಕಾಗಿ ಮೈಯನ್ನು ಕಾಯಲು ತೊಡಗಿದ್ದವನು, ಯಾವ ದಿನದಿಂದಲೋ ತಿಳಿಯದು, ಮೈಯನ್ನು ಕಾಯುವುದಕ್ಕಾಗಿಯೇ ಬದುಕತೊಡಗಿದ್ದನು.

ಅವನ ಮೈ ತುಂಬಿಕೊಂಡು ಎಣ್ಣೆ ಹಚ್ಚಿದ ಬಾಗಿಲಿನಂತೆ ಮಿಂಚತೊಡಗಿದಾಗ ಜೊತೆಯವರು ಹಾಸ್ಯ ಮಾಡುತ್ತಿದ್ದರು. ಹಿಂದಿನ ತುದಿಯಲ್ಲಿ ಲಕ್ಕನೆಂಬ ಒಬ್ಬ ಬೋಯಿಯಿದ್ದನು. ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಕೆಂಚಣ್ಣ, ನಿನ್ನ ಮೈ ನೋಡಿದರೆ ನಾವು ನಿನ್ನನ್ನು ಒಳಗೆ ಕೂರಿಸಿ ವೈದ್ಯರನ್ನು ದಂಡಿಗೆಗೆ ಹಾಕಬೇಕು."

"ಬೇಡಪ್ಪ, ಅವರು ಮುಂದೆ ನಿಂತರೆ ನನಗೆ ದಾರಿಯೇ ಕಾಣುವುದಿಲ್ಲ" ಎಂದನು ಭಾವ.

"ನನಗೆ ಕಿವಿ ಕೇಳಿಸುತ್ತದೆ" ಎಂದಿತು ಮೇನೆಯೊಳಗಿನ ದನಿ.

ಎಲ್ಲರೂ ನಕ್ಕರು. ಭಾವನ ನಗೆ ಕೆಮ್ಮಿಗೆ ತಿರುಗಿತು. ಅವನು ಸಣ್ಣಗಾಗುತ್ತಿದ್ದನು. ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಏರು ಮುಗಿದ ಮೇಲೆ ಎದೆಯ ಮೇಲೆ ಅಂಗೈಯನ್ನು ಒತ್ತಿ ಹಿಡಿದು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದನು. ಕೆಂಚನಿಗೆ ಅವನ ಮೇಲೆ ಕನಿಕರವಿತ್ತು. ಕನಿಕರಕ್ಕಿಂತ ಹೆಚ್ಚಾಗಿ ಬೇಸರವಿತ್ತು. ಕಣ್ಣೆದುರಿಗೇ ಆರೋಗ್ಯದ ದಾರಿ ಇರುವಾಗ ಒಬ್ಬನು ಹೀಗೆ ಕೆಡುವುದೆಂದರೇನು?

ಒಂದು ದಿನ ಹಳ್ಳದ ಬಳಿ ವಿಶ್ರಾಂತಿಗೆ ನಿಂತಾಗ ಅವನು ಮಾತು ತೆಗೆದನು.

"ಭಾವ, ನೀನು ಮೈಯನ್ನು ನೋಡಿಕೊಳ್ಳುವುದೇ ಇಲ್ಲ."

"ನನ್ನ ಮೈಯನ್ನು ನಿನ್ನಕ್ಕ ನೋಡಿಕೊಳ್ಳುತ್ತಾಳೆ. ನಾನೂ ನೋಡಿದರೆ ದೃಷ್ಟಿಯಾದೀತು."

"ನಗಬೇಡ. ಇಲ್ಲಿ ನೋಡು, ನನ್ನ ಹೆಗಲಿನ ಜಡ್ಡೇ ಕರಗಿಹೋಗಿದೆ. ಮುಟ್ಟಿ ನೋಡು."

ಬೋಯಿಯ ಹೆಗಲಿನ ಮೇಲೆ ದಂಡಿಗೆ ಕೂರುವ ಕಡೆ ಚರ್ಮ ಗಟ್ಟಿಯಾಗಿ, ಎತ್ತಿನ ಕತ್ತಿನಂತೆ ಜಡ್ಡು ಬಿದ್ದಿರುತ್ತದೆ. ಭಾವನು ಕೈ ಚಾಚಿ ಕೆಂಚನ ಹೆಗಲನ್ನು ಮುಟ್ಟಿದನು. ಅವನ ಬೆರಳು ಅಲ್ಲಿಯೇ ಸ್ವಲ್ಪ ಹೊತ್ತು ನಿಂತಿತು.

"ಹೌದು, ಮಗುವಿನ ಕೆನ್ನೆಯ ಹಾಗಿದೆ" ಎಂದನು.

"ಸಾಮು ಮಾಡೆಂದರೆ ಮಾಡುವುದಿಲ್ಲ. ಉಣ್ಣುವುದಕ್ಕೆ, ಮಲಗುವುದಕ್ಕೆ ಒಂದಕ್ಕೂ ಹೊತ್ತುಗೊತ್ತಿಲ್ಲ. ಹೀಗಾದರೆ ನನ್ನ ಜೊತೆಗೆ ಎಷ್ಟು ಕಾಲ ನಿಲ್ಲುತ್ತೀಯೆ?"

"ನಿಲ್ಲುವಷ್ಟು ಕಾಲ ನಿಲ್ಲುತ್ತೇನೆ. ಏಳು, ವೈದ್ಯರು ಹೊರಟರು."

ಕೆಂಚನು ಎದ್ದು ದಂಡಿಗೆಯ ಕೆಳಗೆ ಹೋದನು. ಹೇಳಬೇಕಾದ್ದನ್ನು ಹೇಳಿದೆನೆಂಬ ಸಮಾಧಾನ ಅವನಿಗಿತ್ತು.

ಆ ವರ್ಷದ ಬೇಸಿಗೆಯ ಕೊನೆಯಲ್ಲಿ ಮೇಲಿನ ಹಳ್ಳಿಗಳಿಗೆ ವಿಷಮಜ್ವರ ಬಂದಿತು. ಕರೆಯ ಮೇಲೆ ಕರೆ. ಇಳಿದು ಬಂದ ಮೇನೆ ಮತ್ತೆ ಏರುತ್ತಿತ್ತು. ಒಂದು ಮಧ್ಯಾಹ್ನ, ಬಂಡೆಯಲ್ಲಿ ಕಡಿದ ಮೆಟ್ಟಿಲುಗಳ ದಾರಿಯಲ್ಲಿ ಹತ್ತುತ್ತಿದ್ದಾಗ, ಕೆಂಚನ ಬೆನ್ನ ಹಿಂದೆ ಉಸಿರು ಕಿತ್ತುಬಂದಂತೆ ಒಂದು ಸದ್ದಾಯಿತು. ದಂಡಿಗೆ ಒಮ್ಮೆಲೆ ಅವನ ಹೆಗಲಿನ ಮೇಲೆ ಬಂಡೆಯಂತೆ ಬಿದ್ದಿತು. ಅವನು ಮುಗ್ಗರಿಸಿ, ಹೇಗೋ ಮೇನೆಯನ್ನು ಮೆಟ್ಟಿಲಿಗೆ ತಾಗಿಸಿ ಇಳಿಸಿದನು. ತಿರುಗಿ ನೋಡಿದರೆ ಭಾವನು ಮೊಣಕಾಲೂರಿ ಕುಳಿತಿದ್ದನು. ಹಣೆ ಕಲ್ಲಿಗೆ ತಾಗಿತ್ತು. ಒಂದು ಕೈ ಇನ್ನೂ ದಂಡಿಗೆಯನ್ನು ಹಿಡಿದಿತ್ತು.

ವೈದ್ಯನು ಇಳಿದು ಬಂದು ನಾಡಿ ಹಿಡಿದನು. ಬಹಳ ಹೊತ್ತು ಹಿಡಿದಿದ್ದು ಕೈಯನ್ನು ಮೆಲ್ಲಗೆ ಕೆಳಗಿಟ್ಟನು.

"ಎದೆ ಒಡೆದುಹೋಗಿದೆ. ಇವನಿಗೆ ಹೀಗಾಗುವ ವಯಸ್ಸಲ್ಲ" ಎಂದನು.

ಮೇಲೆ ರೋಗಿ ಕಾಯುತ್ತಿದ್ದನು. ಆ ದಿನ ವೈದ್ಯನು ಔಷಧದ ಚೀಲವನ್ನು ತಾನೇ ಹೊತ್ತುಕೊಂಡು, ಮೆಟ್ಟಿಲು ಮೆಟ್ಟಿಲಿಗೂ ನಿಂತು, ನಡೆದೇ ಹೋದನು. ಬೋಯಿಗಳು ಹೆಣದ ಬಳಿ ಕುಳಿತರು. ಅವನು ಹಿಂದಿರುಗಿದಾಗ ಜೊತೆಯಲ್ಲಿ ಆ ಹಳ್ಳಿಯ ಒಬ್ಬ ರೈತನಿದ್ದನು. ನಾಲ್ಕನೆಯ ಹೆಗಲು ಬೇಕಾಗಿತ್ತು. ವೈದ್ಯನು ಮೇನೆಯೊಳಗಿನ ದಿಂಬನ್ನು ಸರಿಪಡಿಸಿ, "ಇವನನ್ನು ಇದರಲ್ಲಿಯೇ ಮಲಗಿಸಿ ಕರೆದುಕೊಂಡು ಹೋಗಿ. ನಾನು ಹಿಂದಿನಿಂದ ನಡೆದು ಬರುತ್ತೇನೆ" ಎಂದನು. ಅಷ್ಟು ವರ್ಷ ಮೇನೆ ಹೊತ್ತವನು ಅಂದು ಅದರೊಳಗೆ ಮಲಗಿದನು. ಮೇಲಿನ ರೋಗಿ ಉಳಿದನೆ ಎಂದು ಕೆಂಚನು ಕೇಳಲು ಹೋಗಲಿಲ್ಲ.

ಮೆಟ್ಟಿಲುಗಳನ್ನು ಇಳಿದು ಬಯಲಿಗೆ ಬಂದರು. ರೈತನು ಕೆಂಚನ ಹಿಂದೆ, ಭಾವನ ಜಾಗದಲ್ಲಿ ಹೆಗಲು ಕೊಟ್ಟಿದ್ದನು. ಸ್ವಲ್ಪ ದೂರ ನಡೆದ ಮೇಲೆ ಅವನು ನಿಂತುಬಿಟ್ಟನು.

"ಒಂದಿಷ್ಟು ನಿಲ್ಲಯ್ಯಾ."

"ಏನಾಯಿತು?"

"ಏನಾಯಿತೆಂದರೆ? ಈ ಪುಣ್ಯಾತ್ಮನನ್ನು ಈ ತುದಿಯಲ್ಲಿ ನಾನೊಬ್ಬನೇ ಹೊರುತ್ತಿದ್ದೇನೆ. ನಿನ್ನ ಹೆಗಲಿಗೂ ದಂಡಿಗೆಗೂ ನಡುವೆ ಹುಲ್ಲುಕಡ್ಡಿ ತೂರಿಸಬಹುದು. ಮೊಣಕಾಲು ಬಗ್ಗಿಸಿಕೊಂಡು ಯಾರಾದರೂ ಭಾರ ಹೊರುತ್ತಾರೆಯೆ? ನೆಟ್ಟಗೆ ನಡೆ."

ಕೆಂಚನಿಗೆ ಸಿಟ್ಟು ಬಂದಿತು. "ನಾನು ಹುಟ್ಟುತ್ತಲೇ ಬೋಯಿ. ನಿನಗೆ ಅಭ್ಯಾಸವಿಲ್ಲ, ಅದಕ್ಕೆ ಹಾಗೆನಿಸುತ್ತದೆ."

"ಅಭ್ಯಾಸವಿಲ್ಲದ್ದಕ್ಕೇ ಬಾಯಿಬಿಟ್ಟು ಹೇಳುತ್ತಿದ್ದೇನೆ. ಅಭ್ಯಾಸವಿದ್ದವನಾದರೆ ಸುಮ್ಮನೆ ಹೊತ್ತಾನು."

ಹಿಂದಿನ ತುದಿಯಿಂದ ಲಕ್ಕನು ಏನಾದರೂ ಹೇಳುವನೆಂದು ಕೆಂಚನು ಕಾದನು. ಯಾವಾಗಲೂ ಸುಮ್ಮನಿರದ ಲಕ್ಕನು ಆಗ ಸುಮ್ಮನಿದ್ದನು.

ರೈತನ ಮಾತು ಸುಳ್ಳೆಂದು ತೋರಿಸಬೇಕೆಂದು ಕೆಂಚನು ಮೊಣಕಾಲುಗಳನ್ನು ಹಿಂದಿನಂತೆ, ತಂದೆ ಕಲಿಸಿದ್ದಂತೆ ಬಿಗಿದು ನೇರವಾಗಿ ನಿಂತನು. ಆಗ ದಂಡಿಗೆ ಬಂದು ಅವನ ಹೆಗಲಿನ ಮೇಲೆ ಕುಳಿತಿತು.

ಎಷ್ಟೋ ಕಾಲದಿಂದ ಅವನು ಮರೆತಿದ್ದ ಭಾರ ಅದು. ಮೊದಲ ಹೆಜ್ಜೆಗೇ ಹೆಗಲಿನ ಎಳೆಯ ಚರ್ಮ ಉರಿಯಿತು. ಸ್ವಲ್ಪ ಹೊತ್ತಿನಲ್ಲಿ ಅಂಗಿ ಒದ್ದೆಯಾಯಿತು. ಅದು ಬೆವರಲ್ಲವೆಂದು ಅವನಿಗೆ ತಿಳಿಯಿತು. ಒಳಗೆ ಮಲಗಿದ್ದವನು ಒಣಗಿ ಕಡ್ಡಿಯಾಗಿದ್ದ ಒಬ್ಬ ಮನುಷ್ಯ, ವೈದ್ಯನ ಅರ್ಧ ತೂಕವೂ ಇಲ್ಲದವನು. ಈ ಭಾರವೇ ಇಷ್ಟಾದರೆ ಆ ಭಾರ ಎಷ್ಟಿದ್ದೀತು? ಬೆಟ್ಟದ ಒಂದೊಂದು ಏರೂ ಅವನ ಕಣ್ಣೆದುರಿಗೆ ಬಂದಿತು. ತಾನು ಗಾಳಿಯಲ್ಲಿ ತೇಲಿದಂತೆ ಹತ್ತಿದ್ದ ಏರುಗಳು ಅವು. ತನ್ನ ಬೆನ್ನ ಹಿಂದೆ ಕೇಳಿಬರುತ್ತಿದ್ದ ಏದುಸಿರು. ತಿರುಗಿ ನೋಡದೆ, ಭಾವನು ಮೈ ಕೆಡಿಸಿಕೊಂಡನೆಂದು ತಾನು ಬೇಸರಪಟ್ಟದ್ದು.

ಮನೆಯ ಬಾಗಿಲಿನ ತನಕ ಅವನು ಮೊಣಕಾಲು ಬಗ್ಗಿಸಲಿಲ್ಲ. ಆದರೆ ಹಾಗೆ ನಡೆದು ಈಗ ಯಾರ ಭಾರವನ್ನು ಇಳಿಸಿದಂತಾಯಿತು?

ಕರ್ಮಗಳೆಲ್ಲ ಮುಗಿದ ಮೇಲೆ ಕೆಂಚನು ಅಕ್ಕನ ಮನೆಗೆ ಹೋದನು. ಅವಳು ಮೊರದಲ್ಲಿ ಅಕ್ಕಿಯನ್ನು ಆರಿಸುತ್ತಿದ್ದಳು. ಅವನು ಹೊಸ್ತಿಲ ಹೊರಗೇ ಕುಳಿತನು.

"ಅಕ್ಕಾ, ಭಾವನಿಗೆ ಗೊತ್ತಿತ್ತೆ?"

ಏನು ಎಂದು ಅವಳು ಕೇಳಲಿಲ್ಲ. "ದಿನವೆಲ್ಲ ನಿನ್ನ ಹಿಮ್ಮಡಿ ನೋಡಿಕೊಂಡು ನಡೆಯುವವರಿಗೆ ಗೊತ್ತಿಲ್ಲದೆ ಏನು?" ಎಂದಳು.

"ಒಂದು ಮಾತು ಹೇಳಬಾರದಿತ್ತೆ?"

"ನಾನೂ ಅವರನ್ನು ಅದನ್ನೇ ಕೇಳಿದೆ. 'ಅಪ್ಪನ ಚಟ್ಟ ಕಟ್ಟಿದ ದಿನದಿಂದ ನಿನ್ನ ತಮ್ಮನಿಗೆ ಸಾವಿನ ಹೆದರಿಕೆ ಕಣೇ, ಈಗೊಂದಿಷ್ಟು ನಗುನಗುತ್ತ ಇದ್ದಾನೆ, ಇರಲಿ ಬಿಡು' ಎಂದರು. 'ಹೆದರಿಕೆ ಹೋದ ಮೇಲೆ ತಾನಾಗಿಯೇ ನೆಟ್ಟಗೆ ನಡೆಯುತ್ತಾನೆ' ಎಂದರು."

"ನೀನಾದರೂ ಹೇಳಬಹುದಿತ್ತು" ಎಂದನು ಕೆಂಚನು.

ಅವಳು ಮೊರವನ್ನು ಕೆಳಗಿಟ್ಟಳು.

"ಬಂದಿದ್ದೆ. ಅವರ ಕೆಮ್ಮು ಹೆಚ್ಚಾದಾಗ ಒಂದು ಬೆಳಿಗ್ಗೆ ಹೊಳೆಯ ತನಕ ಬಂದಿದ್ದೆ. ನೀನು ಮರಳಿನ ಮೇಲೆ ಕಣ್ಣು ಮುಚ್ಚಿಕೊಂಡು ಉಸಿರು ಎಳೆಯುತ್ತಿದ್ದೆ. ಅದರ ನಡುವೆ ಮಾತನಾಡಿಸಿದರೆ ನಿನಗೆ ಕೆಡುಕಾಗುತ್ತದೆಂದು ನಿನ್ನ ಹೆಂಡತಿ ನನಗೆ ಮೊದಲೇ ಹೇಳಿದ್ದಳು. ಕಾದು ನಿಂತೆ. ಒಲೆಯ ಮೇಲೆ ಅನ್ನಕ್ಕೆ ಇಟ್ಟು ಬಂದಿದ್ದೆ, ಎಷ್ಟು ಹೊತ್ತು ಕಾಯಲಿ? ಹೊರಟುಹೋದೆ."

ಇಷ್ಟು ಹೇಳಿ ಅವಳು ಮತ್ತೆ ಅಕ್ಕಿ ಆರಿಸತೊಡಗಿದಳು. ಬಯ್ಯಲಿಲ್ಲ, ಅಳಲೂ ಇಲ್ಲ. ಒಳಗೆ ಬಾ ಎಂದು ಮಾತ್ರ ಕರೆಯಲಿಲ್ಲ.

ಹೆಗಲಿನ ಗಾಯ ಮಾಯ್ದ ಮೇಲೆ ಕೆಂಚನು ಮೇನೆಯ ಬಳಿಗೆ ಹೋದನು. ಇನ್ನು ಮೇಲೆ ತಾನು ನೇರವಾಗಿ ನಡೆಯುವೆನೆಂದನು. ಬೇಕಾದರೆ ಹಿಂದೆ ನಿಲ್ಲುವೆನು, ಭಾರದ ಕಡೆಯೇ ನಿಲ್ಲುವೆನು ಎಂದನು. ಅವನು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಸುದ್ದಿ ಆ ವೇಳೆಗೆ ಬೋಯಿಗಳ ಕೇರಿಯನ್ನೆಲ್ಲ ಸುತ್ತಿತ್ತು. ಅವನ ಜೊತೆ ಒಂದೇ ತುದಿಗೆ ಹೆಗಲು ಕೊಡಲು ಯಾರೂ ಒಪ್ಪಲಿಲ್ಲ. ಹಾಸ್ಯಗಾರ ಲಕ್ಕನೂ ತಲೆ ತಗ್ಗಿಸಿಕೊಂಡು, "ನನಗೂ ಹೆಂಡತಿ ಮಕ್ಕಳಿದ್ದಾರೆ ಕೆಂಚಣ್ಣ" ಎಂದನು. ವೈದ್ಯನು ಕೆಂಚನ ಪರವಾಗಿ ಎರಡು ಮಾತು ಆಡಲು ನೋಡಿದನು. ಮೇನೆಯ ವಿಷಯದಲ್ಲಿ ತನ್ನ ಮಾತು ಒಮ್ಮೆ ಏನು ಮಾಡಿತೆಂಬುದು ನೆನಪಾಗಿ ಮೇನೆಯೊಳಗೆ ಹೋಗಿ ಕುಳಿತನು.

ಕೆಂಚನು ಬಹುಕಾಲ ಬದುಕಿದನು. ತಲೆ ನರೆತರೂ ಬೆನ್ನು ಬಾಗಲಿಲ್ಲ, ಹಲ್ಲು ಅಲುಗಲಿಲ್ಲ. ಊರಿನವರು ತಮ್ಮ ಮಕ್ಕಳಿಗೆ ಅವನನ್ನು ತೋರಿಸಿ, ಮೈ ಎಂದರೆ ಹೀಗಿರಬೇಕು ಎನ್ನುತ್ತಿದ್ದರು. ಬೆಟ್ಟದ ಕಡೆಗೆ ಮೇನೆ ಹೊರಡುವ ಹೊತ್ತಿಗೆ ಅವನು ದಾರಿಯ ಪಕ್ಕದ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದನು. ಅದು ಸಂಜೆ ಇಳಿದು ಬಂದಾಗ ಎದ್ದು ನಿಂತು, "ಹೇಗಿದ್ದಾರೆ? ಉಳಿದರೇ?" ಎಂದು ಕೇಳುತ್ತಿದ್ದನು. ಹೊಸ ಬೋಯಿಗಳಿಗೆ ಆ ಮುದುಕ ಯಾರೆಂದು ಗೊತ್ತಿರಲಿಲ್ಲ. ದಣಿದು ಬಂದವರು; ಹೆಚ್ಚಿನ ದಿನ ಉತ್ತರ ಕೊಡದೆ ಹೊರಟುಹೋಗುತ್ತಿದ್ದರು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಕೇತಯ್ಯನು, "ಆಮೇಲೆ?" ಎಂದನು.

"ಆಮೇಲೆ ಏನೂ ಇಲ್ಲ. ಕೊನೆಯ ತನಕ ಅವನಿಗೆ ಯಾವ ಕಾಯಿಲೆಯೂ ಬರಲಿಲ್ಲ."

"ನನ್ನ ಪ್ರಶ್ನೆಗೆ ತಾವು ಉತ್ತರ ಹೇಳಲಿಲ್ಲ, ಗುರುಗಳೇ. ನನ್ನ ಈ ಶರೀರ ಏತಕ್ಕೆ?"

ಗುರುಗಳು ಹೇಳಿದರು: "ನಿನ್ನ ಪಾಲನ್ನು ಹೊರುತ್ತಿರುವವನು ಇನ್ನೂ ಬದುಕಿದ್ದಾನೆ, ಕೇತಯ್ಯ, ಹೋಗಿ ಅವನನ್ನು ಕೇಳು."

ಕೇತಯ್ಯನು ಎದ್ದು ಬಾವಿಯ ಕಡೆಗೆ ನಡೆದನು.